ಮೊದಲ ಒಂದು ನಿಮಿಷ

ಮಾಗಿಯ ನಸುಕಿನಲ್ಲಿ ನಮ್ಮ ಹಾಸನ ಜಿಲ್ಲೆಯ ಹಗರೆಯ ಕಡೆ ತಣ್ಣೀರನ್ನು ತಲೆಗೆ ಸುರಿದುಕೊಂಡವರಿಗೆ ಗೊತ್ತು: ಬೇಡವೆಂದರೂ ಬಾಯಿ ತೆರೆಯುತ್ತದೆ, ಉಸಿರು ಗಕ್ಕನೆ ಒಳಕ್ಕೆ ಹೋಗುತ್ತದೆ, ಎದೆ ಡವಗುಟ್ಟುತ್ತದೆ. ಚರ್ಮ ತಟ್ಟನೆ ತಣ್ಣಗಾದಾಗ ದೇಹ ನಮ್ಮನ್ನು ಕೇಳದೆ ಮಾಡುವ ಕೆಲಸವಿದು. ಬಚ್ಚಲಿನಲ್ಲಿ ನಾಲ್ಕು ಚೊಂಬು ನೀರಾಗುವಷ್ಟರಲ್ಲಿ ಸರಿಹೋಗುತ್ತದೆ. 5 ಡಿಗ್ರಿಯ ಕಡಲಿನಲ್ಲಿ ತಲೆ ಮುಳುಗಿದ್ದಾಗ ಅದೇ ಉಸಿರು ಎಳೆದರೆ ಒಳಗೆ ಹೋಗುವುದು ಗಾಳಿಯಲ್ಲ, ನೀರು.

2019ರ ಮೇ ತಿಂಗಳಲ್ಲಿ ಮುಂಬೈನ ಆರೋಹಿ ಪಂಡಿತ್ ಸೈನಸ್ 912 ಎಂಬ ಪುಟ್ಟ ವಿಮಾನದಲ್ಲಿ ಒಬ್ಬರೇ ಸ್ಕಾಟ್ಲೆಂಡಿನಿಂದ ಐಸ್‌ಲೆಂಡ್, ಗ್ರೀನ್‌ಲೆಂಡ್ ಹಾದು ಕೆನಡಾದಲ್ಲಿ ಇಳಿದರು. ಇದ್ದದ್ದು ಒಂದೇ ಎಂಜಿನ್. ದಾರಿಯುದ್ದಕ್ಕೂ ಕೆಳಗೆ ಕೊರೆಯುವ ಅಟ್ಲಾಂಟಿಕ್.

ಎಂಜಿನ್ ನಿಂತ ಕೂಡಲೇ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಸಾಮಾನ್ಯ ಸೆಸ್ನಾ 172 ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ಸುಮಾರು 9 ಕಿಲೋಮೀಟರ್ ತೇಲಿಕೊಂಡು ಸಾಗುತ್ತದೆ. ಹಾಸನದ ಮೇಲೆ 3 ಕಿಲೋಮೀಟರ್ ಎತ್ತರದಲ್ಲಿ ಎಂಜಿನ್ ಕೈಕೊಟ್ಟರೂ ಹಗರೆ ಮುಟ್ಟಬಹುದು. ನೀರಿನ ಮೇಲೆ ಹೋಗುವವರು ಎತ್ತರ ಉಳಿಸಿಕೊಳ್ಳುವುದು ಇದಕ್ಕೇ: ದಡ ಸಿಗಬಹುದು, ಸಿಗದಿದ್ದರೆ ರೇಡಿಯೋದಲ್ಲಿ ಕೂಗಿ ಹೇಳಲು ಸಮಯವಾದರೂ ಸಿಗುತ್ತದೆ.

ದಡ ಸಿಗದೆ ನೀರಿಗೇ ಇಳಿಯಬೇಕಾದರೆ ಚಳಿಯೇ ಕೊಲ್ಲುತ್ತದೆ ಎಂದು ನಾವು ತಿಳಿದಿದ್ದೇವೆ. ಆದರೆ ದೇಹದ ಒಳಗಿನ ಬಿಸಿ ಇಳಿದು ಪ್ರಜ್ಞೆ ತಪ್ಪಲು ಹಿಮದಂಥ ನೀರಿನಲ್ಲೂ ಸುಮಾರು ಒಂದು ಗಂಟೆ ಬೇಕು. ಉಸಿರು ಹತೋಟಿಗೆ ಬರಲು ಒಂದು ನಿಮಿಷ. ಆಮೇಲೆ ಬೆರಳುಗಳು ಮಾತು ಕೇಳುವುದು ಹತ್ತೇ ನಿಮಿಷ. ಬಕಲ್ ಬಿಚ್ಚುವುದು, ತೆಪ್ಪ ಹತ್ತುವುದು ಅಷ್ಟರೊಳಗೇ ಮುಗಿಯಬೇಕು. ಆದ್ದರಿಂದ ನೀರು ಒಳಗೆ ಬಿಡದ ಸೂಟನ್ನು ನೆಲದ ಮೇಲೆಯೇ ತೊಟ್ಟು ಹತ್ತಬೇಕು. ಇಕ್ಕಟ್ಟಾದ ಕಾಕ್‌ಪಿಟ್ಟಿನಲ್ಲಿ, ವಿಮಾನ ಇಳಿಯುತ್ತಿರುವಾಗ ಅದನ್ನು ತೊಡುವುದು ಆಗದ ಮಾತು.

ಲೈಫ್ ಜಾಕೆಟ್ಟಿನದು ಬೇರೆಯೇ ನಿಯಮ. ತೊಟ್ಟಿರಬೇಕು, ಆದರೆ ಹೊರಬರುವವರೆಗೆ ಗಾಳಿ ತುಂಬಿಸಬಾರದು. 1996ರಲ್ಲಿ ಕೊಮೊರೊಸ್ ದ್ವೀಪಗಳ ಬಳಿ ಇಥಿಯೋಪಿಯಾದ ವಿಮಾನ ಸಮುದ್ರಕ್ಕೆ ಬಿದ್ದಾಗ ಅನೇಕರು ಒಳಗೇ ಗಾಳಿ ತುಂಬಿಸಿಕೊಂಡರು. ಏರಿ ಬಂದ ನೀರು ಅವರನ್ನು ಚಾವಣಿಗೆ ಒತ್ತಿ ಹಿಡಿಯಿತು. ಬಾಗಿಲು ನೀರಿನ ಕೆಳಗಿತ್ತು.

ಕೊನೆಯದು, ಅಪಾಯದ ಕರೆ ಕಳಿಸುವ 406 ಮೆಗಾಹರ್ಟ್ಸ್‌ನ ಬೀಕನ್. ಅದರ ಕೂಗನ್ನು ಉಪಗ್ರಹಗಳು ಹಿಡಿದು ನೆಲಕ್ಕೆ ಮುಟ್ಟಿಸುತ್ತವೆ. ಆ ಕರೆಗಳನ್ನು ಪಡೆಯುವ ಭಾರತದ ಕೇಂದ್ರವಿರುವುದು ನಮ್ಮ ಬೆಂಗಳೂರಿನಲ್ಲೇ, ಇಸ್ರೋದ ಇಸ್ಟ್ರಾಕ್‌ನಲ್ಲಿ. ಬೀಕನ್‌ನ ಸಂಖ್ಯೆಯನ್ನು ಮೊದಲೇ ನೋಂದಾಯಿಸಿದ್ದರೆ ಕೂಗಿದವರು ಯಾರೆಂದು ಅಲ್ಲಿಯವರಿಗೆ ಕೂಡಲೇ ತಿಳಿಯುತ್ತದೆ. ಜಕ್ಕೂರಿನಲ್ಲಿ ಹಾರಾಟ ಕಲಿಯುತ್ತಿರುವ ನಮ್ಮ ಜಿಲ್ಲೆಯ ಮಕ್ಕಳೇ, ನಾಳೆ ನೀವು ವಿಮಾನ ಕೊಳ್ಳುವ ದಿನ ಈ ನೋಂದಣಿಯನ್ನು ಮರೆಯಬೇಡಿ.