ಆಗಸ್ಟ್ 6ರ ಜಾಥಾಕ್ಕೆ ನಾವೇಕೆ ಹೋಗುತ್ತೇವೆ



ಹಿರೋಶಿಮಾ ದಿನದಂದು ಕಾಸರಗೋಡಿನಲ್ಲಿ ನಡೆಯುವ ಶಾಂತಿ ಮತ್ತು ಪರಿಸರ ಜಾಥಾದಲ್ಲಿ ನಮ್ಮ ಸಂಘವೂ ಪಾಲ್ಗೊಳ್ಳಲಿದೆ. ಭಾಷೆಯ ಸಂಘಕ್ಕೆ ಅಲ್ಲೇನು ಕೆಲಸ ಎಂದು ಸೊಲ್ಲಾಪುರ, ಹೊಸೂರು ಕಡೆಯ ಕೆಲವರು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ.

ಇಲ್ಲಿನ ಗುಡ್ಡಗಳ ಮೇಲೆ ಸರಕಾರಿ ಸ್ವಾಮ್ಯದ ಗೇರುತೋಟಗಳಿವೆ. ಟೀ ಸೊಳ್ಳೆ ಕೀಟದ ಕಾಟ ತಡೆಯಲೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಆ ಹೊತ್ತಿನಲ್ಲಿ ನೀರಿನ ಮೂಲಗಳನ್ನು ಮುಚ್ಚಬೇಕೆಂಬ ನಿಯಮವೇನೋ ಇತ್ತು. ಬಾವಿಗೆ ಮಡಲು ಹೊದೆಸಬಹುದು. ಗುಡ್ಡ ಕೊರೆದ ಸುರಂಗದಿಂದ ಹರಿದು ಬರುವ ನೀರನ್ನು, ತೋಡನ್ನು ಮುಚ್ಚುವುದು ಹೇಗೆ? ತೋಟ ಮೇಲೆ, ಮನೆಗಳು ಕೆಳಗೆ. ಎಣ್ಮಕಜೆ ಪಂಚಾಯತಿನ ಪಡ್ರೆ, ವಾಣೀನಗರ ಕಡೆಯ ವಿಚಿತ್ರ ರೋಗಗಳನ್ನು ಮೊದಲು ಗಮನಿಸಿದ್ದು ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್. ಅದನ್ನು ಹೊರಜಗತ್ತಿಗೆ ತಿಳಿಸಿದವರಲ್ಲಿ ಮುಖ್ಯರು ಕನ್ನಡ ಪತ್ರಕರ್ತ ಶ್ರೀಪಡ್ರೆ. ಕನ್ನಡ, ತುಳು ಮಾತಾಡುವ ಊರುಗಳವು.

2011ರ ಮೇ 13ರಂದು ಸುಪ್ರೀಂ ಕೋರ್ಟು ಈ ವಿಷಕ್ಕೆ ದೇಶದಾದ್ಯಂತ ತಡೆ ಹಾಕಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು 3 ತಿಂಗಳೊಳಗೆ ಕೊಡಿ ಎಂದು 2017ರ ಜನವರಿಯಲ್ಲಿ ಹೇಳಿತು. ವಿಳಂಬಕ್ಕಾಗಿ 2022ರಲ್ಲಿ ಅದೇ ಕೋರ್ಟು ಮತ್ತೆ ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು.

ನಮ್ಮ ಕೆಲಸ ಇರುವುದು ಇಲ್ಲಿ. ಕಳೆದ ಸಲದ ಜಾಥಾದಲ್ಲಿ ತಾಯಿಯೊಬ್ಬರು ಮಡಚಿದ ಕಾಗದವೊಂದನ್ನು ಚೀಲದಿಂದ ತೆಗೆದು, "ಇದರಲ್ಲಿ ಎಂತ ಬರೆದಿದೆ ಅಣ್ಣಾ?" ಎಂದರು. ಮಗನನ್ನು ವೈದ್ಯಕೀಯ ಶಿಬಿರಕ್ಕೆ ಕರೆತರಬೇಕೆಂಬ ಮಲಯಾಳ ನೋಟೀಸು. ಶಿಬಿರ ಮುಗಿದು ಹನ್ನೊಂದು ದಿನವಾಗಿತ್ತು. ಕಡತಗಳ ನಡುವೆ ತಲೆ ನರೆತ ನಮಗೂ ಆಗ ಮಾತು ಹೊರಡಲಿಲ್ಲ.

ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಂತೆ ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಇದು ಎಷ್ಟೋ ಮನೆಗಳಿಗೆ ತಿಳಿದಿಲ್ಲ, ಕೆಲವು ಕಚೇರಿಗಳಿಗೆ ನೆನಪಿಲ್ಲ. ಹಾಗಾಗಿ ಈ ಸಲ ಜಾಥಾ ಮುಗಿಯುವಲ್ಲಿ ಮೇಜು ಹಾಕಿ ಕೂರುತ್ತೇವೆ. ಬಂದ ನೋಟೀಸುಗಳನ್ನು ಓದಿ ಹೇಳುತ್ತೇವೆ, ಅರ್ಜಿ ಬರೆದುಕೊಡುತ್ತೇವೆ. ಮಲಯಾಳ ಓದಬಲ್ಲ ಸದಸ್ಯರು ತಪ್ಪದೆ ಬನ್ನಿ.

ಫಲಕಗಳು ಬಟ್ಟೆಯವೇ ಇರಲಿ, ಫ್ಲೆಕ್ಸ್ ಬೇಡ. ಮಲಯಾಳದ ವಿರುದ್ಧ ಒಂದು ಘೋಷಣೆಯೂ ಬೇಡ. ಸಿಂಪಡಣೆ ನಿಲ್ಲಿಸಲು ಕೋರ್ಟಿನ ಮೆಟ್ಟಿಲು ಹತ್ತಿದ ಲೀಲಾಕುಮಾರಿ ಅಮ್ಮ ಮಲಯಾಳಿಯೇ. ಆಗಸ್ಟಿನ ಮಳೆ; ಕೊಡೆ ತನ್ನಿ, ಜತೆಗೆ ಎರಡು ಪೆನ್ನು.