ಲೆಕ್ಕಪತ್ರಗಳ ಸುರಕ್ಷತೆ: ಬ್ಯಾಕಪ್ ಹಾಗೂ ಕ್ಲೋನಿಂಗ್ ತಂತ್ರಾಂಶದ ಆಯ್ಕೆ

ಅನೇಕ ಸಣ್ಣ ವರ್ತಕರ ಹಾಗೂ ಉದ್ದಿಮೆದಾರರ ವ್ಯವಹಾರದ ವಿವರಗಳೆಲ್ಲವೂ ಇಂದು ಮನೆಯ ಅಥವಾ ಅಂಗಡಿಯ ಒಂದೇ ಗಣಕಯಂತ್ರದಲ್ಲಿವೆ. ಅದರ ಹಾರ್ಡ್ ಡಿಸ್ಕ್ ಕೆಟ್ಟರೆ ಕೆಲವು ಸಾವಿರ ರೂಪಾಯಿಗಳಲ್ಲಿ ಹೊಸದನ್ನು ಕೊಳ್ಳಬಹುದು. ಆದರೆ ಯಾವ ಗಿರಾಕಿಯಿಂದ ಎಷ್ಟು ಬಾಕಿ ಬರಬೇಕೆಂಬ ವಿವರವನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು.

ಇದು ಕಾನೂನಿನ ಹೊಣೆಯೂ ಹೌದು. ಕೇಂದ್ರ ಜಿಎಸ್‌ಟಿ ಕಾಯ್ದೆ, 2017ರ 36ನೆಯ ಕಲಮಿನಂತೆ, ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಕಾಪಾಡಬೇಕು. ಅಪಘಾತ ಅಥವಾ ನೈಸರ್ಗಿಕ ಕಾರಣದಿಂದ ದಾಖಲೆ ನಾಶವಾದರೂ ಯುಕ್ತ ಅವಧಿಯಲ್ಲಿ ಮರಳಿ ಪಡೆಯುವಂತೆ ವಿದ್ಯುನ್ಮಾನ ಬ್ಯಾಕಪ್ ಇರಬೇಕೆಂದು ಜಿಎಸ್‌ಟಿ ನಿಯಮ 57 ಹೇಳುತ್ತದೆ. ಕಂಪನಿಗಳಾಗಿ ನೋಂದಾಯಿತವಾದ ಸಂಸ್ಥೆಗಳು ವಿದ್ಯುನ್ಮಾನ ಲೆಕ್ಕಪತ್ರಗಳ ಬ್ಯಾಕಪ್ಪನ್ನು ಪ್ರತಿದಿನವೂ ಭಾರತದಲ್ಲಿರುವ ಸರ್ವರಿನಲ್ಲಿ ಇರಿಸಬೇಕೆಂದು 2022ರ ಆಗಸ್ಟ್ ತಿದ್ದುಪಡಿ ವಿಧಿಸಿದೆ.

ಮೂರು ವಿಧಾನಗಳು

ಮೊದಲನೆಯದು ಫೈಲ್ ಬ್ಯಾಕಪ್. ಆಯ್ದ ಫೋಲ್ಡರುಗಳು ಮಾತ್ರ ಬೇರೊಂದು ಡಿಸ್ಕಿಗೆ ನಕಲಾಗುತ್ತವೆ. ಲೆಕ್ಕಪತ್ರ, ಬಿಲ್ಲು ಮತ್ತು ಪತ್ರವ್ಯವಹಾರಗಳ ದೈನಂದಿನ ರಕ್ಷಣೆಗೆ ಇದು ಸೂಕ್ತ. ಆದರೆ ವಿಂಡೋಸ್ ಹಾಗೂ ಇತರ ತಂತ್ರಾಂಶಗಳನ್ನು ಪುನಃ ಸ್ಥಾಪಿಸಬೇಕಾಗುತ್ತದೆ.

ಎರಡನೆಯದು ಇಮೇಜ್. ಇಡೀ ಡಿಸ್ಕಿನ ಸ್ಥಿತಿಯನ್ನು ಸಂಕುಚಿತ ಕಡತವಾಗಿ ಉಳಿಸಲಾಗುತ್ತದೆ. ಮೊದಲ ಪೂರ್ಣ ಪ್ರತಿಯ ನಂತರ ಬದಲಾದ ಭಾಗವನ್ನಷ್ಟೇ ಸೇರಿಸಬಹುದಾದ್ದರಿಂದ, ಹಲವು ದಿನಾಂಕಗಳ ಪ್ರತಿಗಳನ್ನು ಒಂದೇ ಡಿಸ್ಕಿನಲ್ಲಿ ಇರಿಸಬಹುದು.

ಮೂರನೆಯದು ಕ್ಲೋನ್, ಅಂದರೆ ಒಂದು ಡಿಸ್ಕಿನ ಯಥಾಪ್ರತಿ. ಹಳೆಯ ಹಾರ್ಡ್ ಡಿಸ್ಕಿನ ಬದಲಿಗೆ ಎಸ್‌ಎಸ್‌ಡಿ ಅಳವಡಿಸುವಾಗ ಇದು ಅತ್ಯಂತ ಉಪಯುಕ್ತ. ಆದರೆ ಕ್ಲೋನ್ ಒಂದೇ ದಿನದ ಚಿತ್ರ. ಮೂಲದಲ್ಲಿ ವೈರಸ್ ಇದ್ದರೆ ಅದೂ ನಕಲಾಗುತ್ತದೆ. ಪ್ರತಿ ಪಡೆಯುವ ಡಿಸ್ಕಿನಲ್ಲಿದ್ದ ಎಲ್ಲವೂ ಅಳಿಸಿಹೋಗುವುದರಿಂದ, ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಎರಡು ಬಾರಿ ಪರೀಕ್ಷಿಸಬೇಕು. ಬಿಟ್‌ಲಾಕರ್ ಚಾಲ್ತಿಯಲ್ಲಿದ್ದರೆ ಅದರ ರಿಕವರಿ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಆಯ್ಕೆಗೆ ಮುನ್ನ

ತಂತ್ರಾಂಶವನ್ನು ಆರಿಸುವಾಗ ಈ ಅಂಶಗಳನ್ನು ಗಮನಿಸಬೇಕು:

1. ವಿಂಡೋಸ್ ಆರಂಭವಾಗದಿದ್ದರೂ ಯುಎಸ್‌ಬಿ ಪೆನ್ ಡ್ರೈವಿನಿಂದ ಚಾಲೂ ಮಾಡಿ ಮರುಸ್ಥಾಪಿಸುವ ಸೌಲಭ್ಯವಿದೆಯೇ?
2. ಇಮೇಜಿನಿಂದ ಬೇಕಾದ ಒಂದೇ ಫೈಲನ್ನು ಹೊರತೆಗೆಯಬಹುದೇ?
3. ಪ್ರತಿ ಸರಿಯಾಗಿದೆಯೇ ಎಂದು ತಾನೇ ಪರಿಶೀಲಿಸುತ್ತದೆಯೇ?
4. ನಿಗದಿತ ವೇಳೆಗೆ ತಾನಾಗಿಯೇ ಕೆಲಸ ಮಾಡುತ್ತದೆಯೇ?
5. ಪಾಸ್‌ವರ್ಡ್ ರಕ್ಷಣೆ ಇದೆಯೇ? (ಪಾಸ್‌ವರ್ಡ್ ಮರೆತರೆ ಪ್ರತಿಯೂ ನಿರುಪಯೋಗಿ.)

ತಯಾರಕರ ಬೆಂಬಲದ ಬಗೆಗೂ ಎಚ್ಚರ ಅಗತ್ಯ. ಒಂದು ಕಾಲದಲ್ಲಿ ಮನೆಮಾತಾಗಿದ್ದ ನಾರ್ಟನ್ ಘೋಸ್ಟ್ 2013ರಲ್ಲಿ ನಿಂತಿತು. ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಗೆ ಬೆಂಬಲ 2024ರ ಜನವರಿಯಲ್ಲಿ ಕೊನೆಗೊಂಡಿತು. ವಿಂಡೋಸ್‌ನಲ್ಲೇ ಇರುವ ಸಿಸ್ಟಂ ಇಮೇಜ್ ಸೌಲಭ್ಯದ ಅಭಿವೃದ್ಧಿಯನ್ನು ನಿಲ್ಲಿಸಿರುವುದಾಗಿ ಮೈಕ್ರೋಸಾಫ್ಟ್ 2017ರಲ್ಲೇ ತಿಳಿಸಿ, ಇತರ ತಯಾರಕರ ತಂತ್ರಾಂಶ ಬಳಸಲು ಸಲಹೆ ನೀಡಿದೆ. ಮುಕ್ತ ತಂತ್ರಾಂಶವಾದ ಕ್ಲೋನ್‌ಜಿಲ್ಲಾ ಉಚಿತವಾಗಿ ದೊರೆಯುತ್ತದೆ. ಆದರೆ ಅದರ ಪರದೆ ಅಕ್ಷರಮಯವಾಗಿದ್ದು, ಗುರಿಯ ಡಿಸ್ಕ್ ಸಾಮಾನ್ಯವಾಗಿ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಅನುಭವವಿಲ್ಲದವರು ತಿಳಿದವರ ನೆರವಿನಿಂದ ಬಳಸುವುದು ಲೇಸು.

ಒಂದು ಪ್ರತಿ ಸಾಲದು

2017ರ ಮೇ ತಿಂಗಳಲ್ಲಿ ಹರಡಿದ ವನ್ನಾಕ್ರೈ ದಾಳಿಯು ಅನೇಕ ದೇಶಗಳ ಗಣಕಯಂತ್ರಗಳಲ್ಲಿನ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂತಹ ದಾಳಿಯ ವೇಳೆ ಸದಾ ಜೋಡಿಸಿಟ್ಟ ಬ್ಯಾಕಪ್ ಡಿಸ್ಕಿಗೂ ಅದೇ ಗತಿ. ಆದುದರಿಂದ ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆಡೆ ಎಂಬ ಸೂತ್ರ ರೂಢಿಗೆ ಬಂದಿದೆ. ಎರಡು ಹೊರಗಿನ ಡಿಸ್ಕುಗಳನ್ನು ಕೊಂಡು, ವಾರಕ್ಕೊಂದರಂತೆ ಬದಲಿಸುತ್ತ ಒಂದನ್ನು ಅಂಗಡಿಯಿಂದ ಹೊರಗಿಡುವುದು ಸರಳ ಮಾರ್ಗ. ಅಂತರಜಾಲದ ಸಿಂಕ್ ಸೇವೆಯೊಂದನ್ನೇ ನೆಚ್ಚಿಕೊಳ್ಳಬಾರದು. ಇಲ್ಲಿ ಅಳಿಸಿದ ಫೈಲ್ ಅಲ್ಲಿಯೂ ಅಳಿಯುತ್ತದೆ.

ಒಟ್ಟಾರೆ, ಪ್ರತಿ ಸಂಜೆ ಗಲ್ಲಾಪೆಟ್ಟಿಗೆಯ ಲೆಕ್ಕ ಮುಗಿಸಿದೊಡನೆ ಲೆಕ್ಕಪತ್ರ ತಂತ್ರಾಂಶವನ್ನು ಮುಚ್ಚಿ ಫೈಲ್ ಬ್ಯಾಕಪ್, ವಾರಕ್ಕೊಮ್ಮೆ ಇಮೇಜ್, ಡಿಸ್ಕ್ ಬದಲಿಸುವಾಗ ಮಾತ್ರ ಕ್ಲೋನ್ ಎಂಬ ಕ್ರಮ ಸಣ್ಣ ವ್ಯವಹಾರಕ್ಕೆ ಸಾಕು. ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ತೆರೆದು, ಹಳೆಯ ಬಿಲ್ಲೊಂದನ್ನು ಹುಡುಕಿ ನೋಡಬೇಕು. ಅದು ದೊರೆತರೆ ಮಾತ್ರ ಬ್ಯಾಕಪ್ ಇದೆಯೆಂದು ಅರ್ಥ.