ಚಕಮಕಿಯ ಉಕ್ಕು

ಬೆಂಕಿಪೆಟ್ಟಿಗೆಯು ಮನೆಮನೆಗೂ ಬರುವುದಕ್ಕೆ ಪೂರ್ವದಲ್ಲಿ ನಮ್ಮ ಹಿರಿಯರು ಚಕಮಕಿಯಿಂದ ಬೆಂಕಿಯನ್ನು ಹೊತ್ತಿಸುತ್ತಿದ್ದರೆಂಬುದನ್ನು ವಾಚಕರು ಕೇಳಿಯೇ ಇರಬಹುದು. ಯಜ್ಞಕ್ಕೆ ಅರಣಿ, ಅಲ್ಲಿ ಕಟ್ಟಿಗೆಯೊಡನೆ ಕಟ್ಟಿಗೆಯ ಮಥನ. ಲೋಕವ್ಯವಹಾರಕ್ಕೆ ಚಕಮಕಿ, ಇಲ್ಲಿ ಕಲ್ಲಿನೊಡನೆ ಉಕ್ಕಿನ ತಾಡನ. ಈ ಪದವು ಸಂಸ್ಕೃತದ್ದಲ್ಲ. ಹೊಡೆಯುವುದೆಂಬ ಅರ್ಥವುಳ್ಳ ತುರ್ಕಿ ಧಾತುವಿನಿಂದ ಹುಟ್ಟಿ, ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದುದು. 1827ರಲ್ಲಿ ಇಂಗ್ಲೆಂಡಿನ ಜಾನ್ ವಾಕರನು ಉಜ್ಜಿದರೆ ಹೊತ್ತುವ ಕಡ್ಡಿಗಳನ್ನು ಮಾರತೊಡಗಿದನು. ಅಂತಹ ಕಡ್ಡಿಗಳು ಹರಡಿದಂತೆಲ್ಲ ಚಕಮಕಿಯು ಮೂಲೆಗೆ ಸೇರಿತು.

ಕಿಡಿಯು ಕಲ್ಲಿನೊಳಗೆ ಅಡಗಿರುವುದೆಂದು ಅನೇಕರು ಭಾವಿಸುವರು. ವಾಸ್ತವವು ಬೇರೆ. ಬೆಣಚುಕಲ್ಲು ಉಕ್ಕಿಗಿಂತಲೂ ಕಠಿನವಾದುದರಿಂದ ಅದರ ಹರಿತವಾದ ಅಂಚು ಉಕ್ಕನ್ನೇ ಸೂಕ್ಷ್ಮವಾಗಿ ಕೆರೆಯುತ್ತದೆ. ಹಾಗೆ ಕೆರೆದ ಕಣಗಳು ಕಾದು ಗಾಳಿಯಲ್ಲಿ ಉರಿಯುತ್ತವೆ. ರಾಬರ್ಟ್ ಹುಕ್ ಎಂಬ ವಿದ್ವಾಂಸನು ಬಿಳಿಯ ಕಾಗದದ ಮೇಲೆ ಬಿದ್ದ ಕಿಡಿಗಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ಈ ಸಂಗತಿಯನ್ನು 1665ರಲ್ಲಿಯೇ ಗ್ರಂಥಸ್ಥಗೊಳಿಸಿದನು.

ಆದಕಾರಣ ಎಲ್ಲ ಕಬ್ಬಿಣವೂ ಚಕಮಕಿಗೆ ಒದಗದು. ಮೊಳೆಯ ಮೆದು ಕಬ್ಬಿಣವನ್ನು ಎಷ್ಟು ಹೊಡೆದರೂ ಫಲವಿಲ್ಲ. ಇಂಗಾಲವು ಹೆಚ್ಚಾಗಿರುವ ಉಕ್ಕೇ ಬೇಕು. ಸವೆದು ಬಿಸಾಡಿದ ಒಳ್ಳೆಯ ಅರದಲ್ಲಿ ನೂರಕ್ಕೆ 1ಕ್ಕಿಂತ ತುಸು ಹೆಚ್ಚಾಗಿಯೇ ಇಂಗಾಲವಿರುವುದರಿಂದ ಅದು ಈ ಕಾರ್ಯಕ್ಕೆ ಅತ್ಯಂತ ಯೋಗ್ಯವಾದುದು.

ಮೊದಲು ಅರವನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ಮೆಲ್ಲನೆ ಆರಿಸತಕ್ಕದ್ದು. ಆಗ ಅದು ಮೆದುವಾಗುವುದು. ಹಲ್ಲುಗಳನ್ನು ಪೂರ್ಣವಾಗಿ ಉಜ್ಜಿ ತೆಗೆಯಬೇಕು. ಉಳಿದರೆ ಆ ಗೀರುಗಳಲ್ಲಿಯೇ ಬಿರುಕು ಹುಟ್ಟುವುದು. ಬಳಿಕ ಕಮ್ಮಾರನು ಅದನ್ನು ಪುನಃ ಕಾಯಿಸಿ, ನಡುವೆ ಬೆರಳುದ್ದದ ನೇರವಾದ ಅಂಚನ್ನು ಬಿಟ್ಟು, ಎರಡು ತುದಿಗಳನ್ನೂ ಹಿಡಿಯಾಗುವಂತೆ ಸುರುಳಿಯಾಗಿ ಬಗ್ಗಿಸುವನು. ತಿದಿಯನ್ನು ಅತಿಯಾಗಿ ಊದಿ ಉಕ್ಕನ್ನು ಬೆಳ್ಳಗೆ ಕಾಯಿಸಿದರೆ ಅದು ಸುತ್ತಿಗೆಯ ಕೆಳಗೆ ಪುಡಿಯಾಗುವುದು.

ಕೊನೆಯದಾದ ಹದವೇ ಸರ್ವಸ್ವವು. ಉಕ್ಕು ಕೆಂಪಗೆ ಕಾದು, ಸುಮಾರು 770 ಸೆಂಟಿಗ್ರೇಡ್ ಡಿಗ್ರಿಗಳಲ್ಲಿ ಅಯಸ್ಕಾಂತಕ್ಕೆ ಅಂಟದಂತಾಗುವುದು. ಅದಕ್ಕಿಂತ ತುಸು ಹೆಚ್ಚು ಕಾಯಿಸಿ, ಹೊಡೆಯುವ ಅಂಚನ್ನು ಮಾತ್ರ ಬೆಚ್ಚಗಿನ ನೀರಿನಲ್ಲಿ ಅದ್ದಬೇಕು. ಅಂಚು ಗಾಜಿನಂತೆ ಕಠಿನವೂ ಪೆಡಸೂ ಆಗುವುದು. ಸುರುಳಿಗಳು ಮೆದುವಾಗಿ ಉಳಿದು ಪೆಟ್ಟನ್ನು ತಾಳುವುವು. ಬೇರೊಂದು ಅರವು ಅಂಚನ್ನು ಕಚ್ಚದೆ ಜಾರಿದರೆ ಹದವು ಸರಿಯೆಂದು ತಿಳಿಯಬೇಕು.

ಹತ್ತಿಯ ಬಟ್ಟೆಯ ಚೂರುಗಳನ್ನು ಸಣ್ಣ ರಂಧ್ರವುಳ್ಳ ಡಬ್ಬಿಯಲ್ಲಿ ಮುಚ್ಚಿ, ಹೊಗೆ ನಿಲ್ಲುವವರೆಗೆ ಕಾಯಿಸಿ, ಆರಿದ ಬಳಿಕ ತೆರೆದರೆ ಕಪ್ಪಾದ ಅರಿವೆ ದೊರೆಯುವುದು. ಅದರ ಮೇಲೆ ಕಿಡಿ ಬಿದ್ದೊಡನೆ ಕೆಂಡವಾಗುವುದು. ತೆಂಗಿನ ನಾರಿನಲ್ಲಿಟ್ಟು ಊದಿದರೆ ಜ್ವಾಲೆಯೇಳುವುದು.

ಬೆಂಕಿಪೆಟ್ಟಿಗೆಯು ಸುಲಭವಾಗಿ ದೊರೆಯುವಾಗ ಇದೇಕೆಂದು ಯಾರಾದರೂ ಕೇಳಬಹುದು. ಚಕಮಕಿಯು ಮಳೆಯಲ್ಲಿ ನೆನೆದರೂ ಒರೆಸಿದೊಡನೆ ಕೆಲಸಕ್ಕೆ ಬರುವುದೆಂಬುದು ಒಂದು ಉತ್ತರ. ಅದಕ್ಕಿಂತ ಮುಖ್ಯವಾದುದು, ಉಕ್ಕಿನ ಬಣ್ಣವನ್ನು ನೋಡಿ ಹದವನ್ನರಿಯುವ ವಿದ್ಯೆಯು ಪುಸ್ತಕದಿಂದ ಬರತಕ್ಕದ್ದಲ್ಲ. ಕೆಲಸವಿಲ್ಲದ ಕುಲುಮೆಯಲ್ಲಿ ಅದು ಒಂದೇ ತಲೆಮಾರಿನಲ್ಲಿ ಅಳಿಯುವುದು. ಮನೆಯಲ್ಲಿ ಹಳೆಯ ಅರವಿದ್ದವರು ಅದನ್ನು ಗುಜರಿಗೆ ಹಾಕದೆ ಊರ ಕಮ್ಮಾರನಲ್ಲಿಗೆ ಒಯ್ಯಲಿ. ಜೊತೆಯಲ್ಲಿ ಮಕ್ಕಳನ್ನೂ ಕರೆದೊಯ್ಯಲಿ.